ಸ್ಥಿರ ವೇಗೋತ್ಕರ್ಷದ ಲೆಕ್ಕಗಳು: ಸೂತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

ಸರಳರೇಖಾ ಚಲನೆಯ ಲೆಕ್ಕ ಬಿಡಿಸಲು ಕೂತ ವಿದ್ಯಾರ್ಥಿ ಕೊಟ್ಟ ಅಂಕಿಗಳನ್ನು ನೋಡಿ, ಚಲನೆಯ ಮೂರು ಸಮೀಕರಣಗಳಲ್ಲಿ ಹೊಂದುವುದನ್ನು ಆರಿಸಿಕೊಳ್ಳುತ್ತಾನೆ. ಕೊಟ್ಟ ವೇಗೋತ್ಕರ್ಷ ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಸ್ಥಿರವಾಗಿದೆ ಎಂಬುದನ್ನು ಅದಕ್ಕೂ ಮೊದಲು ನಿಶ್ಚಯಿಸಬೇಕು ಎಂಬುದು ಈ ಲೇಖನದ ವಾದ.

ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿರುವ ಬಸ್ಸಿಗೆ ಬ್ರೇಕ್ ಹಾಕಿದಾಗ ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎನ್ನೋಣ. 6 ಸೆಕೆಂಡುಗಳಲ್ಲಿ ಅದು ಸಾಗಿದ ದೂರವೆಷ್ಟು? ಎರಡನೆಯ ಸಮೀಕರಣಕ್ಕೆ (s = ut + ½at²) ಅಂಕಿ ತುಂಬಿದರೆ 120ರಿಂದ 90 ಕಳೆದು 30 ಮೀಟರ್ ಬರುತ್ತದೆ. ಗುಣಾಕಾರ, ವ್ಯವಕಲನ ಎಲ್ಲವೂ ಸರಿ. ಉತ್ತರ ಮಾತ್ರ ತಪ್ಪು. ಬಸ್ಸು 4 ಸೆಕೆಂಡಿಗೇ ನಿಂತಿರುತ್ತದೆ. ಆ ಅವಧಿಯ ಸರಾಸರಿ ವೇಗ ಸೆಕೆಂಡಿಗೆ 10 ಮೀಟರ್, ದೂರ 40 ಮೀಟರ್. ಉಳಿದ 2 ಸೆಕೆಂಡುಗಳಲ್ಲಿ ಸಮೀಕರಣವು ಬಸ್ಸನ್ನು 10 ಮೀಟರ್ ಹಿಂದಕ್ಕೆ ಓಡಿಸಿಬಿಟ್ಟಿದೆ. ಬ್ರೇಕಿನ ಘರ್ಷಣೆ ವಾಹನವನ್ನು ನಿಲ್ಲಿಸಬಲ್ಲದೇ ಹೊರತು ಹಿಂದಕ್ಕೆ ತಳ್ಳಲಾರದು.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆಸೆದ ಚೆಂಡಿನ ಸಂಗತಿ ಬೇರೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ, 2 ಸೆಕೆಂಡಿಗೆ ವೇಗ ಸೊನ್ನೆಯಾದರೂ ಗುರುತ್ವದ ಸೆಳೆತ ಹಾಗೆಯೇ ಇರುತ್ತದೆ. ಆದ್ದರಿಂದ 3ನೇ ಸೆಕೆಂಡಿನ ಕೊನೆಗೆ ಸಮೀಕರಣ ಕೊಡುವ 15 ಮೀಟರ್ ಎತ್ತರ ನಿಜವಾದದ್ದೇ. ಚೆಂಡು ಆಗ ಕೆಳಗಿಳಿಯುತ್ತಿರುತ್ತದೆ. ಎರಡೂ ಲೆಕ್ಕಗಳ ಬೀಜಗಣಿತ ಒಂದೇ, ಭೌತವಿಜ್ಞಾನ ಬೇರೆ.

ಬಸ್ಸಿನ ಲೆಕ್ಕದಲ್ಲಿ ಬಳಸಿದ, ಸರಾಸರಿ ವೇಗವನ್ನು ಕಾಲದಿಂದ ಗುಣಿಸಿ ದೂರ ಪಡೆಯುವ ದಾರಿ ಹಳೆಯದು. 14ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ಸರಾಸರಿ ವೇಗದ ಈ ಪ್ರಮೇಯವನ್ನು ನಿರೂಪಿಸಿದರು. ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ರೇಖಾಕೃತಿಯಲ್ಲಿ ತೋರಿಸಿದ. ಗೆಲಿಲಿಯೋ 1604ರ ಪತ್ರವೊಂದರಲ್ಲಿ, ಬೀಳುವ ವಸ್ತುವಿನ ವೇಗ ಅದು ಕ್ರಮಿಸಿದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಭಾವಿಸಿದ್ದ. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಕೃತಿಯಲ್ಲಿ ಅದನ್ನು ಕೈಬಿಟ್ಟು, ಸಮಾನ ಕಾಲಾವಧಿಗಳಲ್ಲಿ ಸಮಾನ ವೇಗವೃದ್ಧಿ ಎಂಬ ವ್ಯಾಖ್ಯೆಯನ್ನು ಸ್ಥಾಪಿಸಿದ. ಕಾಲಾವಧಿಯು ಹೀಗೆ ಪರಿಕಲ್ಪನೆಯ ತಳಹದಿಯಲ್ಲೇ ಸೇರಿಕೊಂಡಿದೆ. ಅದನ್ನು ಕೊನೆಯಲ್ಲಿ ತುಂಬುವ ಖಾಲಿ ಜಾಗವೆಂದು ನೋಡುವುದು ಸಲ್ಲದು.

ವೇಗ-ಕಾಲ ನಕ್ಷೆ ಬರೆದವರಿಗೆ ಬಸ್ಸಿನ ಲೆಕ್ಕದ ಮಿತಿ ಕಣ್ಣಿಗೇ ಕಾಣುತ್ತದೆ: ಇಳಿಜಾರು ಗೆರೆ 4ನೇ ಸೆಕೆಂಡಿನಲ್ಲಿ ಕಾಲದ ಅಕ್ಷವನ್ನು ಮುಟ್ಟಿ, ಅಲ್ಲಿಂದ ಮುಂದೆ ಅಕ್ಷದ ಮೇಲೆಯೇ ಸಾಗುತ್ತದೆ. ಚಾಲಕ ಬ್ರೇಕ್ ಒತ್ತಲು 1 ಸೆಕೆಂಡ್ ತಡಮಾಡಿದರೆ ನಕ್ಷೆಯ ಆರಂಭಕ್ಕೆ 20 ಮೀಟರ್ ದೂರವನ್ನು ಸೂಚಿಸುವ ಒಂದು ಆಯತ ಸೇರಿ, ಒಟ್ಟು ದೂರ 60 ಮೀಟರ್ ಆಗುತ್ತದೆ. ಶಿಕ್ಷಕರು ಸಮೀಕರಣಗಳನ್ನು ಹಲಗೆಯ ಮೇಲೆ ಬರೆಯುವ ಮೊದಲು ಈ ನಕ್ಷೆಯನ್ನು ಮಕ್ಕಳ ಕೈಯಲ್ಲಿ ಬರೆಸಲಿ. ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಆ 6 ಸೆಕೆಂಡಿನ ಪ್ರಶ್ನೆಯೂ ಸೇರಲಿ.