ಕೊಟ್ಟೆ, ಕೊಳೆ ಮತ್ತು ಮಳೆಗಾಲ

ಮಲೆನಾಡಿನ ಅಡಕೆ ತೋಟಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಂದಾಯ, ಧಾರಣೆ, ಮಂಡಿಗಳಿಂದ ಆರಂಭಿಸುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಇತಿಹಾಸ ಮಳೆಯಿಂದಲೇ ತೊಡಗಬೇಕೆಂದು ತೋರುತ್ತದೆ.

ನೈಋತ್ಯ ಮಾರುತವನ್ನು ಸಹ್ಯಾದ್ರಿ ತಡೆಯುವುದರಿಂದ ಅದರ ಮಡಿಲಿನ ಕಣಿವೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೆಂಬುದೇ ಇಲ್ಲ. ಈ ತಂಪೇ ಅಡಕೆಯನ್ನು ಅಲ್ಲಿ ನೆಲೆಗೊಳಿಸಿತು. ಮಳೆ ತೊಳೆದೊಯ್ದ ಮಣ್ಣಿನ ಸಾರವನ್ನು ಹಿಂದಕ್ಕೆ ತರುವ ಹೊಣೆ ಕಾಡಿನದು. ಸೊಪ್ಪಿನಬೆಟ್ಟದಿಂದ ಕಡಿದು ತಂದ ಹಸಿ ಸೊಪ್ಪು, ಗುಡಿಸಿ ತಂದ ದರಗು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ಮರದ ಬುಡ ಸೇರುತ್ತಿದ್ದವು. ಬೆಟ್ಟವಿಲ್ಲದೆ ತೋಟವಿಲ್ಲ ಎಂಬುದು ಅಲ್ಲಿಯವರಿಗೆ ಲೆಕ್ಕದ ಮಾತು. ಆದರೆ ತೋಟವನ್ನು ಸಾಕಿದ ಮಳೆಯೇ ಕಾಯಿಯನ್ನು ಕೊಲ್ಲುತ್ತಿತ್ತು.

ಮಳೆ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂತಹ ಕಡುಹಸುರು ಕಲೆ ಮೂಡುತ್ತದೆ. ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಉದುರಿದ ಕಾಯಿಗೆ ಬಿಳಿಯ ಬೂಷ್ಟು ಮುಸುಕುತ್ತದೆ. ಇದೇ ಕೊಳೆರೋಗ. ಬಿಡದೆ ಸುರಿಯುವ ಮಳೆಗಿಂತಲೂ ಮಳೆ, ಎಳೆಬಿಸಿಲು, ಮತ್ತೆ ಮಳೆ ಎಂಬ ಸರದಿ ಅದಕ್ಕೆ ಹೆಚ್ಚು ಹಿತ. ರೋಗದ ಮೂಲವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ನೀರಿನ ತೆಳುಪೊರೆಯಲ್ಲಿ ಈಜಬಲ್ಲವು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಆ ದೇಶವನ್ನು ಹಸಿವಿಗೆ ದೂಡಿದ್ದು ಇದೇ ಕುಲದ ಇನ್ನೊಂದು ಜೀವಿ.

ಇದೊಂದನ್ನೂ ಅರಿಯದ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಅಡಕೆಯ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮುನ್ನ ಮರವೇರಿ, ಕೊನೆಕೊನೆಗೂ ಮುಸುಕು ಕಟ್ಟುತ್ತಿದ್ದರು. ನನ್ನ ಅಜ್ಜ ಹೇಳುತ್ತಿದ್ದಂತೆ ಅದು ಕೊನೆಗೆ ಹೊದಿಸಿದ ಕಂಬಳಿ. ಬೀಜಾಣುವನ್ನು ಕಾಣದಿದ್ದವರು ಕಾಯಿಗೆ ನೀರು ತಾಗದಿದ್ದರೆ ಕೊಳೆಯಿಲ್ಲ ಎಂಬುದನ್ನು ಕಂಡಿದ್ದರು. ಇದನ್ನು ಬರಿಯ ರೂಢಿ ಎಂದು ಬದಿಗೆ ಸರಿಸುವುದು ನ್ಯಾಯವಲ್ಲ; ಇದು ಕಾರಣವನ್ನು ಊಹಿಸಿ ಕೈಗೊಂಡ ಉಪಾಯ. ಅದರ ಕೊರತೆಯೆಂದರೆ ದುಡಿಮೆ. ಸಾವಿರಾರು ಕೊನೆಗಳಿಗೆ ಸಾವಿರಾರು ಕೊಟ್ಟೆ!

ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಮಲೆನಾಡಿನ ತೋಟಗಳಲ್ಲಿ ಕೊಳೆಯನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಸೂಚಿಸಿದ ಮದ್ದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಇದರ ಹುಟ್ಟೂ ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟುರೋಗ ತಾಗದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರಿಗೆಂದು ಮಾಡಿದ್ದು ಮಲೆನಾಡಿನ ಕೊನೆಗಳನ್ನು ಕಾಯಿತು. ಕೋಲ್ಮನ್ನರು 1913ರ ಹೊತ್ತಿಗೆ ಕೃಷಿ ಇಲಾಖೆಯ ಮುಖ್ಯಸ್ಥರೇ ಆದರು.

ಕನ್ನಡದ ಮೇಷ್ಟರಾಗಿ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕಾಫಿಗಿಡದ ಎಲೆಯನ್ನು ಕೊಳೆಸುವ ಬೇರೊಂದು ಶಿಲೀಂಧ್ರಕ್ಕೆ ಆಂಗ್ಲ ವಿಜ್ಞಾನಿ ಕುಕ್ 1876ರಲ್ಲಿಯೇ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟಿದ್ದರು. ನಮ್ಮ ತೋಟಿಗರ ಮಾತು ಲ್ಯಾಟಿನ್ ನಾಮಾವಳಿಯನ್ನು ಹೊಕ್ಕಿತು. ಬಹುಶಃ ಇಷ್ಟು ನೋವಿನ ಇನ್ನೊಂದು ಪದವನ್ನು ನಾವು ಹೊರದೇಶಕ್ಕೆ ಕಳುಹಿಸಿಲ್ಲ.

ಮದ್ದು ಬಂದರೂ ಮಳೆಯ ಅಧಿಕಾರ ತಪ್ಪಲಿಲ್ಲ. ದ್ರಾವಣ ಒಣಗಿದ ಕಾಯಿಗೆ ಮಾತ್ರ ಹಿಡಿಯುತ್ತದೆ. ಮಳೆಗೆ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಹೊಡೆಯಬೇಕು. ಎರಡನೆಯ ಸಲಕ್ಕೆ ಹೊಳವು ಬೇಕು. ಹೊಳವು ಎಂದರೆ ಮಳೆಯ ನಡುವೆ ಆಕಾಶ ಬಿಡುವ ಕಿರುಬಿಡುವು. ಪುನರ್ವಸು, ಪುಷ್ಯ ಮಳೆಗಳಲ್ಲಿ ಊರಿಗೆ ಊರೇ ಅದಕ್ಕಾಗಿ ಮುಗಿಲು ನೋಡುತ್ತ ಕೂರುತ್ತದೆ.

ಎಂ.ಎ. ಮೊದಲ ವರ್ಷ ಮುಗಿಸಿ ನಾನು ಊರಿಗೆ ಹೊರಟಿದ್ದಾಗ, ಬರುವಾಗ ಪೇಟೆಯಿಂದ ಮೈಲುತುತ್ತ ತರಬೇಕೆಂದು ಅಪ್ಪಯ್ಯ ಕಾಗದ ಬರೆದಿದ್ದರು. ಪೇಟೆಯಲ್ಲಿ ಕವಿಗೋಷ್ಠಿಯಿತ್ತು, ಮೂರು ದಿನ ಉಳಿದುಬಿಟ್ಟೆ. ಚೀಲ ಹೊತ್ತು ಮನೆಯ ಮೆಟ್ಟಿಲು ಹತ್ತುವಾಗ ಮಳೆ ನನ್ನ ಜತೆಯಲ್ಲೇ ಬಂದಿತು. ಕೊನೆಗೌಡ ಎರಡು ಸಲ ಬಂದು ಜಗಲಿಯಲ್ಲಿ ಕುಳಿತು ಹಿಂದಿರುಗಿದ. ಆಶ್ಲೇಷಾ ಮಳೆಯ ರಾತ್ರಿಗಳಲ್ಲಿ ತೋಟದಿಂದ ಕಾಯಿ ಬೀಳುವ ಸದ್ದು ಹಾಸಿಗೆಯವರೆಗೂ ಕೇಳುತ್ತಿತ್ತು. ಕೊಳೆತ ಕಾಯಿ ತೋಟದಲ್ಲೇ ಉಳಿದರೆ ರೋಗ ಮುಂದಿನ ವರ್ಷಕ್ಕೂ ಉಳಿಯುತ್ತದೆಂದು ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ಬುಟ್ಟಿಗಟ್ಟಲೆ ಹೆಕ್ಕಿದಳು. ತಂಗಿಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಅಪ್ಪಯ್ಯ ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಇದನ್ನು ಮರೆಯುತ್ತಿದ್ದೆನೇನೋ.

2013ರಂತಹ ಮಳೆಗಾಲಗಳಲ್ಲಿ ಹೊಳವು ಸಿಕ್ಕದೆ ಕೊಳೆ ಅನೇಕ ತೋಟಗಳನ್ನು ಬರಿದುಮಾಡಿತು. ಮರವೇರುವ ಕೊನೆಗೌಡರೂ ಈಗ ವಿರಳ. ನೆಲದಲ್ಲಿ ನಿಂತೇ ಉದ್ದನೆಯ ದೋಟಿಯಿಂದ ಮದ್ದು ಹೊಡೆಯುವವರಿದ್ದಾರೆ. ಕೆಲವರು ಕೊನೆಗೆ ಪ್ಲಾಸ್ಟಿಕ್ ಚೀಲದ ಮುಸುಕು ಹಾಕುತ್ತಾರೆ. ಅದಕ್ಕೂ ಅವರು ಕೊಟ್ಟೆ ಎಂದೇ ಹೇಳುತ್ತಾರೆ. ನಮ್ಮ ತೋಟವನ್ನು ಈಗ ನೋಡಿಕೊಳ್ಳುವ ತಮ್ಮನ ಮಗ ಪ್ರತಿ ಜುಲೈಯಲ್ಲಿ ನನಗೆ ಫೋನು ಮಾಡುತ್ತಾನೆ. ‘ದೊಡ್ಡಪ್ಪ, ಪೇಪರಿನಲ್ಲಿ ನಾಳೆ ಹೊಳವು ಅಂತ ಏನಾದರೂ ಬಂದಿದೆಯಾ?’ ಎಂದು ಕೇಳುತ್ತಾನೆ. ನಾನು ಕನ್ನಡಕ ಹುಡುಕುತ್ತೇನೆ.