ಬೇಲಿಯಿಲ್ಲದ ಲಾಯ: ನಮ್ಮ ಸೀಮೆಯ ಕುದುರೆ ಕಥೆ

ದಾವಣಗೆರೆ, ಹರಿಹರ ಅಂದಕೂಡಲೇ ಯಾರಿಗೂ ಕುದುರೆ ನೆನಪಾಗುವುದಿಲ್ಲ. ಬೆಣ್ಣೆದೋಸೆ, ಮಂಡಕ್ಕಿ, ಮೆಕ್ಕೆಜೋಳ, ಮುಚ್ಚಿಹೋದ ಹತ್ತಿ ಮಿಲ್ಲುಗಳು, ಹೊಳೆಯಾಚೆಯ ಫ್ಯಾಕ್ಟರಿಯ ಹೊಗೆ ಇವೇ ನೆನಪಾಗುವುದು. ಕುದುರೆ ಈಗ ನಮ್ಮ ಬಾಯಲ್ಲಿ ಉಳಿದಿರುವುದು ಬೋರ್‌ವೆಲ್ ಮೋಟರ್ ಲೆಕ್ಕದಲ್ಲಿ. ಐದು ಎಚ್‌ಪಿಯೋ ಏಳೂವರೆಯೋ ಅಂತ ಕೇಳುವ ರೈತನಿಗೆ ಆ 'ಎಚ್' ಒಂದು ಪ್ರಾಣಿ ಅನ್ನುವುದೇ ಮರೆತುಹೋಗಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇಥ್ ಮಶೀನುಗಳು ತಯಾರಾಗತೊಡಗಿದ ಮೇಲಂತೂ ಊರಿಗೆ ಊರೇ ಯಂತ್ರದ ಕುದುರೆಗಳ ಲೆಕ್ಕದಲ್ಲಿ ಮಾತಾಡಿತು.

ಆದರೆ ದಾವಣಿ ಅನ್ನುವ ಪದ ನೋಡಿ. ದನವನ್ನೋ ಕುದುರೆಯನ್ನೋ ಸಾಲಾಗಿ ಕಟ್ಟಿಹಾಕುವ, ಉದ್ದಕ್ಕೂ ಕುಣಿಕೆಗಳಿರುವ ಹಗ್ಗಕ್ಕೆ ದಾವಣಿ ಅನ್ನುತ್ತಾರೆ. ಊರಿನ ಹೆಸರಿಗೂ ಈ ಹಗ್ಗಕ್ಕೂ ಗಂಟು ಹಾಕುವ ಹಿರಿಯರು ನಮ್ಮಲ್ಲಿದ್ದಾರೆ. ದಣಿವಾರಿಸಿಕೊಂಡ ಕೆರೆ ಅನ್ನುವವರೂ ಇದ್ದಾರೆ. ಇಂಥ ಹೆಸರಿನ ಕಥೆಗಳನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಆದರೂ ಎರಡು ಕಥೆಯಲ್ಲೂ ದಾರಿಯಲ್ಲಿ ಬಂದು ನೀರು ಕುಡಿದು ಹೋಗುವ ಪ್ರಾಣಿಯೇ ಇದೆ ಅನ್ನುವುದು ಗಮನಿಸಬೇಕಾದ್ದು. ಕುದುರೆ ನಮ್ಮ ಸೀಮೆಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಹಾದುಹೋಗುತ್ತಿತ್ತು.

ಹಾಗಾದರೆ ಇಷ್ಟೊಂದು ಕುದುರೆ ಬರುತ್ತಿದ್ದದ್ದು ಎಲ್ಲಿಂದ? ಬಹುಪಾಲು ಸಮುದ್ರದಿಂದ. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣಕ್ಕೆ ಬಂದಿದ್ದ ಮಾರ್ಕೋ ಪೋಲೋ, ಈ ಕಡೆ ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣು ಕೂಡಿಸಿದರೂ ಕಾಲು ಸೊಟ್ಟಗಿನ ಸಣ್ಣ ಮರಿ ಹುಟ್ಟುತ್ತದೆ ಅಂತ ಬರೆದಿಟ್ಟ. ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಅದಕ್ಕೇ ಸಾಯುತ್ತವೆ ಅಂತಲೂ ಅವನ ದೂರು. ಅವನು ಬರೆದದ್ದು ತಮಿಳು ಕರಾವಳಿಯ ಬಗ್ಗೆ. ಆದರೆ ವ್ಯಾಪಾರದ ಕಥೆ ಇಡೀ ದಕ್ಷಿಣದ್ದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್, ರಾಯರು ಒಂದೊಂದು ವರ್ಷ ಹೊರ್ಮುಜ್‌ನವೂ ನಾಡತಳಿಯವೂ ಸೇರಿ 13,000 ಕುದುರೆ ಕೊಳ್ಳುತ್ತಿದ್ದರು ಅನ್ನುತ್ತಾನೆ. ಅವನೇ ಹೇಳುವ ಇನ್ನೊಂದು ಸಂಗತಿ ನಮಗೆ ಮರೆಯಲಾಗದ್ದು: ಸಾಳುವ ನರಸಿಂಹ ಸಾವಿರ ಪರ್ದಾವೊಗೆ ಮೂರರಂತೆ ಕುದುರೆ ತರಿಸುತ್ತಿದ್ದ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಗೆ ಕೊಡುವಷ್ಟೇ ಹಣ ಕೊಡುತ್ತಿದ್ದ. ವ್ಯಾಪಾರಿ ಬೇರೆ ಕಡೆ ಹೋಗಬಾರದಲ್ಲ! ಮನೆಯಲ್ಲಿ ಹುಟ್ಟಿಸಲಾಗದ್ದಕ್ಕೆ ಒಂದು ರಾಜ್ಯ ಎಷ್ಟು ತೆರುತ್ತಿತ್ತು ಅನ್ನುವುದಕ್ಕೆ ಆ ಬಾಲವೇ ರಸೀದಿ.

ಹಾಗಂತ ಕನ್ನಡದವರಿಗೆ ಕುದುರೆ ಸಾಕಲು ಬರುತ್ತಿರಲಿಲ್ಲ ಅಂತಲ್ಲ. ಸುಮಾರು 1400ರಲ್ಲೇ ಅಭಿನವಚಂದ್ರ ಎನ್ನುವವನು ಕನ್ನಡದಲ್ಲಿ 'ಅಶ್ವವೈದ್ಯ' ಬರೆದ. ಸುಳಿ ನೋಡಿ ಕುದುರೆ ಕೊಳ್ಳುವುದು ಎತ್ತಿನಷ್ಟೇ ಇಲ್ಲೂ ದೊಡ್ಡ ವಿದ್ಯೆ. ಇಲ್ಲದ್ದು ಹುಲ್ಲುಗಾವಲು, ಅದಕ್ಕಿಂತ ಹೆಚ್ಚಾಗಿ ಸಮಾಧಾನ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗಬ್ಬ ಹೊರುತ್ತದೆ, ಒಂದು ಸಲಕ್ಕೆ ಒಂದೇ ಮರಿ, ಆ ಮರಿ ಸವಾರನನ್ನು ಹೊರುವಷ್ಟು ಬೆಳೆಯಲು ಮೂರು ನಾಲ್ಕು ವರ್ಷ. ವರ್ಷಕ್ಕೊಮ್ಮೆ ದಂಡು ಹಾಯುವ ಬಯಲಲ್ಲಿ ನಾಲ್ಕು ವರ್ಷ ಒಂದೇ ಕಡೆ ಲಾಯ ಇಟ್ಟುಕೊಳ್ಳುವ ಧೈರ್ಯ ಯಾರಿಗಿದ್ದೀತು?

ದಂಡು ಹಾಯುವ ಬಯಲು ಅಂದೆವಲ್ಲ, ಅದು ಮಾತಿಗೆ ಹೇಳಿದ್ದಲ್ಲ. ಹರಿಹರವನ್ನು 1763ರಲ್ಲಿ ಹೈದರಾಲಿ ಹಿಡಿದ. ಆಮೇಲೆ ಮೂರು ಸಲ ಅದು ಮರಾಠರ ಕೈಗೆ ಹೋಗಿಬಂತು. ದಾವಣಗೆರೆ ಆಗಿನ್ನೂ ಬೇತೂರಿನ ಪಕ್ಕದ ಒಂದು ಹಳ್ಳಿ. ಹೈದರ್ ಅದನ್ನು ಆಪೋಜಿ ರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆಸಿ ಪೇಟೆ ಕಟ್ಟಿಸಿದ. ನಮ್ಮ ಪೇಟೆಯ ಬುಡದಲ್ಲೇ ಒಬ್ಬ ಸರದಾರನಿದ್ದಾನೆ. ಹರಿಹರದಲ್ಲಿ ಊರಾಚೆ ಎರಡು ಮೈಲಿ ದೂರದಲ್ಲಿ 1865ರವರೆಗೂ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ತುಂಗಭದ್ರೆಗೆ ಹದಿನಾಲ್ಕು ಕಮಾನಿನ ಸೇತುವೆ ಆಗುವವರೆಗೆ ಹೊಳೆ ತುಂಬಿತೆಂದರೆ ದಂಡೂ ನಿಲ್ಲಬೇಕು, ವ್ಯಾಪಾರವೂ ನಿಲ್ಲಬೇಕು.

ಈ ಸೀಮೆಯ ಅತಿ ದೊಡ್ಡ ಸವಾರನೂ ಇಲ್ಲಿಯವನೇ. ಈಗ ನಮ್ಮ ಜಿಲ್ಲೆಗೆ ಸೇರಿರುವ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್. ಹೈದರನ ಕುದುರೆ ದಂಡಿನಲ್ಲಿದ್ದವನು, ಮುಂದೆ ಟಿಪ್ಪುವಿನ ಸೆರೆಯಾಳಾದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ. ಕೆಲಸ ಕಳೆದುಕೊಂಡಿದ್ದ ಟಿಪ್ಪುವಿನ ಸವಾರರನ್ನು ಕಟ್ಟಿಕೊಂಡು ಬಿದನೂರು ಸೀಮೆಯನ್ನೆಲ್ಲ ಸುತ್ತಿದ. ತನ್ನನ್ನು ಉಭಯ ಲೋಕದ ಒಡೆಯ ಎಂದು ಕರೆದುಕೊಂಡ. ಅವನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್ ಕೊನೆಯಲ್ಲಿ ಹೊಳೆ ದಾಟಿದ್ದು ನಮ್ಮ ಹರಿಹರದಲ್ಲೇ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಹತ್ತಿರ, ಸುಮಾರು 5,000 ಸವಾರರಿದ್ದ ಧೋಂಡಿಯಾನ ಮೇಲೆ ನಾಲ್ಕು ರೆಜಿಮೆಂಟ್ ಕುದುರೆಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದ. ಧೋಂಡಿಯಾ ಸತ್ತ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು ಇದೇ ವೆಲ್ಲೆಸ್ಲಿ. ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನನ ಪಾಲನೆಗೆ ಅವನೇ ದುಡ್ಡು ಇಟ್ಟು ಹೋದ ಅನ್ನುವುದೂ ದಾಖಲೆಯಲ್ಲಿದೆ. ಚನ್ನಗಿರಿಯಲ್ಲಿ ಇವನ ಹೆಸರಿನ ಕಲ್ಲೊಂದು ಇದ್ದಿದ್ದರೆ ಶಾಲೆ ಮಕ್ಕಳಿಗಾದರೂ ಗೊತ್ತಾಗುತ್ತಿತ್ತು ಅಂತ ನಮಗನ್ನಿಸುತ್ತದೆ.

ಈ ಸವಾರರ ಕುದುರೆ ಯಾರದ್ದು ಅನ್ನುವುದು ಮುಖ್ಯ. ಸಿಲ್ಲೇದಾರ ಅಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ನಿಂತವನು. ಬೇರೆಯವರ ಕುದುರೆ ಏರಿದವನು ಬಾರ್ಗೀರ. ಸಿಲ್ಲೇದಾರನ ಸಂಬಳದಲ್ಲೇ ಕುದುರೆಯ ಹುರುಳಿ, ಹುಲ್ಲು, ಲಾಳ ಎಲ್ಲ ಬರಬೇಕು. ಕುದುರೆ ಸತ್ತರೆ ಅವನ ನೌಕರಿಯೂ ಸತ್ತ ಹಾಗೆ. ಅದಕ್ಕೇ ಈ ಸವಾರರು ನೇರ ಹೊಡೆದಾಟಕ್ಕೆ ಬೀಳದೆ ಸುತ್ತುವರಿಯುವುದು, ಲೂಟಿ ಮಾಡುವುದನ್ನೇ ಹೆಚ್ಚು ನಂಬಿದ್ದರು. ಇದನ್ನು ಹೇಡಿತನ ಎಂದು ಬರೆದ ಇಂಗ್ಲಿಷ್ ಅಧಿಕಾರಿಗಳಿದ್ದಾರೆ. ಸಾಲ ಮಾಡಿ ಟ್ರ್ಯಾಕ್ಟರ್ ತಂದ ನಮ್ಮ ರೈತ ಅದನ್ನು ಕೆಸರಿಗೆ ಇಳಿಸಲು ಯಾಕೆ ಹಿಂದೆಮುಂದೆ ನೋಡುತ್ತಾನೆ ಅಂತ ಕೇಳಿದ್ದರೆ ಅವರಿಗೂ ಅರ್ಥವಾಗುತ್ತಿತ್ತೇನೋ. ಪೂರ್ಣಯ್ಯ ದಿವಾನರಾಗಿದ್ದಾಗ, 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗಾಗಿ 4,000 ಸವಾರರನ್ನು ಸದಾ ಸಿದ್ಧ ಇಡಬೇಕಾಯಿತು. ಈ ಪರಂಪರೆಯ ಕೊನೆಯ ದೊಡ್ಡ ಹೆಸರು ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದವರು ಇವರೇ.

ನಾಲ್ಕು ಸಾವಿರ ಸವಾರರಿಗೆ ಕುದುರೆ ಬೇಕಲ್ಲ. ಅಲ್ಲಿಂದಲೇ ಕುಣಿಗಲ್ ಕಥೆ ಬರುತ್ತದೆ. ಟಿಪ್ಪು ಕಾಲದಲ್ಲಿ ಯುದ್ಧದ ಕುದುರೆ ತಯಾರಿಸುತ್ತಿದ್ದ ಈ ಲಾಯ ಆಮೇಲೆ ಸಿಲ್ಲೇದಾರ್ ಪಡೆಗೆ ಕುದುರೆ ಒದಗಿಸಿತು, ಕಾಲ ಬದಲಾದಂತೆ ರೇಸಿನ ಥರೋಬ್ರೆಡ್ ಕುದುರೆಗಳ ಫಾರಂ ಆಯಿತು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, 400ಕ್ಕೂ ಹೆಚ್ಚು ಎಕರೆ.

ಇಂಥ ಫಾರಂನಲ್ಲಿ ದಿನ ಶುರುವಾಗುವುದು ಕತ್ತಲಿರುವಾಗಲೇ. ಲಾಯದ ಆಳು ಮೊದಲು ನೋಡುವುದು ಕುದುರೆಯ ಮುಖ ಅಲ್ಲ, ಲದ್ದಿ. ಲದ್ದಿ ಸರಿಯಿದ್ದರೆ ಹೊಟ್ಟೆ ಸರಿಯಿದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ತೊಂದರೆ ಕೊಟ್ಟರೆ ಹೊರಳಾಡಿ ಹೊರಳಾಡಿ ಸಾಯುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಮೂರು ನಾಲ್ಕು ಸಲ ಮೇವು. ನಮ್ಮ ಕಡೆ ಹಳೆಯ ಪದ್ಧತಿ ನೆನೆಸಿ ಬೇಯಿಸಿದ ಹುರುಳಿ. ಈಗ ಓಟ್ಸ್ ಬಂದಿದೆ. ಹಸಿರು ಮೇವಿಗೆ ಲೂಸರ್ನ್, ಇದಕ್ಕೆ ನಮ್ಮ ರೈತರು ಇಟ್ಟ ಹೆಸರು ಕುದುರೆ ಮಸಾಲೆ ಸೊಪ್ಪು. ಕುದುರೆ ಹೋದ ಊರಲ್ಲೂ ಸೊಪ್ಪಿನ ಹೆಸರಲ್ಲಿ ಕುದುರೆ ಉಳಿದಿದೆ. ಹಾಲಿನ ಎಮ್ಮೆಗೆ ಅದನ್ನು ಕೊಯ್ದು ಹಾಕುವವರಿಗೆ ಇದೊಂದು ವಿಚಿತ್ರ ಅಂತಲೂ ಅನ್ನಿಸುವುದಿಲ್ಲ. ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬರಗಾಲದ ವರ್ಷದಲ್ಲಿ ಈ ಲೆಕ್ಕ ಹಾಕಿ ನೋಡಿ.

ಮೇವಾದ ಮೇಲೆ ಗೊರಸು ಎತ್ತಿ ಕೆರೆದು ಮಣ್ಣು ತೆಗೆಯುವುದು, ಮೈ ತಿಕ್ಕುವುದು, ಮರಿಗಳನ್ನು ತಾಯಿಯ ಜೊತೆ ಬಯಲಿಗೆ ಬಿಡುವುದು. ಓಡದ ಮರಿಗೆ ಮೂಳೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ಖಾಲಿ ಜಾಗ ಇಲ್ಲಿ ವ್ಯರ್ಥ ಜಾಗವಲ್ಲ. ಫೆಬ್ರವರಿ ಮಧ್ಯದಿಂದ ಗಬ್ಬ ಕಟ್ಟಿಸುವ ಹಂಗಾಮು. ಹೆಣ್ಣು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಬಂದಿದೆಯೋ ಇಲ್ಲವೋ ನೋಡಲು ಮೊದಲು ಒಂದು ಸಾಧಾರಣ ಗಂಡನ್ನು ಬೇಲಿಯಾಚೆ ತಂದು ನಿಲ್ಲಿಸುತ್ತಾರೆ. ಅವನ ಕೆಲಸ ಅಷ್ಟೇ, ಆಮೇಲೆ ಲಕ್ಷಗಟ್ಟಲೆ ಬೆಲೆಯ ಇನ್ನೊಂದು ಗಂಡು ಬರುತ್ತದೆ. ಪಾಪದ ಕುದುರೆ. ರೇಸ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆಯೇ ಇಲ್ಲ. ಹುಟ್ಟಿದ ದಿನ ಯಾವುದಾದರೂ ಇರಲಿ, ಲೆಕ್ಕಕ್ಕೆ ಎಲ್ಲದರ ಹುಟ್ಟುಹಬ್ಬ ಜನವರಿ 1. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ವಾರದಲ್ಲೇ ಒಂದು ವರ್ಷ ತುಂಬಿಬಿಡುತ್ತದೆ!

ಅಸಲಿ ಕೆಲಸ ರಾತ್ರಿಯದ್ದು. ಹೆಣ್ಣು ಕುದುರೆ ಹೆಚ್ಚಾಗಿ ಈಯುವುದು ರಾತ್ರಿ, ಸುತ್ತ ಯಾರೂ ಇಲ್ಲ ಅನ್ನಿಸಿದಾಗ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತೆಂದರೆ ಕಾವಲಿನವನಿಗೆ ನಿದ್ದೆಯಿಲ್ಲ. ಮರಿ ಒಂದು ಗಂಟೆಯಲ್ಲಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ತಪ್ಪಿದರೆ ಡಾಕ್ಟರನ್ನು ಎಬ್ಬಿಸಬೇಕು. ಈ ವಿದ್ಯೆ ಲಾಯದ ಆಳುಗಳ ಕೈಯಲ್ಲಿದೆ, ಪುಸ್ತಕದಲ್ಲಿ ಸ್ವಲ್ಪವೇ ಇದೆ.

1992ರಲ್ಲಿ ಕುಣಿಗಲ್ ಫಾರಂ ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಹೋಯಿತು. 2022ಕ್ಕೆ ಗುತ್ತಿಗೆ ಮುಗಿಯಿತು. 2024ರಲ್ಲಿ ಆ ಜಾಗದಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾವ ಬಂತು, ವಿರೋಧವೂ ಬಂತು. ಸಾಹುಕಾರರ ಜೂಜಿನ ಕುದುರೆಗೆ ಸರ್ಕಾರಿ ಭೂಮಿ ಯಾಕೆ ಅಂತ ಕೇಳಿದವರ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಸೈಟು ಹಂಚುವುದೇ ಆಗಬೇಕಿಲ್ಲ. ಅಮೃತಮಹಲ್ ಕಾವಲುಗಳು ನಮ್ಮ ನೆರೆಯ ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೇಗೆ ತುಂಡುತುಂಡಾಗಿ ಕರಗಿದವು ಅನ್ನುವುದು ಎಲ್ಲರೂ ಕಂಡದ್ದೇ. ಹುಲ್ಲುಗಾವಲನ್ನು ಪಾಳು ಅಂತ ಬರೆದುಕೊಳ್ಳುವ ಕಂದಾಯ ಇಲಾಖೆಯ ಹಳೆಯ ರೂಢಿ ಇಲ್ಲೂ ಕೆಲಸ ಮಾಡುತ್ತಿದೆ ಅಂತ ನಮ್ಮ ಅನುಮಾನ.

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿ ಕುದುರೆ ಮರಿ ಹುಟ್ಟುವ ಜಾಗ ಬೇಕೆಂದರೆ ಫಾರಂ ಹುಡುಕಬಾರದು, ಸುಗ್ಗಿ ಮುಗಿದ ಹೊಲ ನೋಡಬೇಕು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಇಳಿದು ಬರುವ ಕುರಿಗಾಹಿಗಳ ಜೊತೆ ತಟ್ಟುಗಳು ಬರುತ್ತವೆ. ಬೆನ್ನ ಮೇಲೆ ಪಾತ್ರೆ, ಕಂಬಳಿ, ಬಲೆ, ಕೋಳಿ, ನಡೆಯಲಾರದ ಕುರಿಮರಿ. ಒಮ್ಮೊಮ್ಮೆ ಮನುಷ್ಯರ ಮಗುವೂ. ಸಂಜೆ ಮುಂಗಾಲಿಗೆ ಹಗ್ಗ ಕಟ್ಟಿ ಬಿಟ್ಟರೆ ಅವೇ ಮೇಯ್ದುಕೊಳ್ಳುತ್ತವೆ. ಹುರುಳಿ, ಓಟ್ಸು ಯಾವುದೂ ಇಲ್ಲ, ಲಾಯವೂ ಇಲ್ಲ. ಗಬ್ಬದ ಕುದುರೆ ಹೊರೆ ಹೊತ್ತೇ ನಡೆಯುತ್ತದೆ. ಯಾರದ್ದೋ ಹೊಲದಲ್ಲಿ ಈಯುತ್ತದೆ, ಎರಡು ದಿನದಲ್ಲಿ ಮರಿ ಮಂದೆಯ ಹಿಂದೆ ಹೊರಡುತ್ತದೆ. ಮರಾಠರ ದಂಡಿನಲ್ಲಿ ಹೆಸರಾಗಿದ್ದ ಭೀಮಾ ತೀರದ ಭೀಮ್‌ಥಡಿ ಕುದುರೆಗಳ ವಂಶ ಮಹಾರಾಷ್ಟ್ರದಲ್ಲಿ ಉಳಿದದ್ದೂ ಇಂಥ ಕುರಿಗಾಹಿಗಳಿಂದಲೇ. ಮುಗಿದೇಹೋಯಿತು ಅಂದುಕೊಂಡಿದ್ದ ಆ ತಳಿಯನ್ನು ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ಇತ್ತೀಚೆಗೆ ತಳಿಯಾಗಿ ದಾಖಲಿಸಿಕೊಂಡಿದೆ. ರಾಜರು ಸಮುದ್ರದಾಚೆಯಿಂದ ದುಡ್ಡು ಸುರಿದು ತರಿಸಿದ್ದು ಉಳಿಯಲಿಲ್ಲ, ಕುರಿಯ ಹಿಂದೆ ನಡೆದದ್ದು ಉಳಿಯಿತು.

ಎಷ್ಟು ದಿನ ಅನ್ನುವುದೇ ಈಗಿನ ಪ್ರಶ್ನೆ. 2012ರ ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚಿದ್ದ ಕುದುರೆ ಮತ್ತು ತಟ್ಟುಗಳು 2019ರ ಜಾನುವಾರು ಗಣತಿಗೆ 3.4 ಲಕ್ಷಕ್ಕೆ ಇಳಿದವು. ಏಳೇ ವರ್ಷದಲ್ಲಿ ಸುಮಾರು ಶೇ. 45ರಷ್ಟು ಕಡಿಮೆ. ಕುರಿಗಾಹಿಗಳು ಈಗ ಸಾಮಾನು ಸಾಗಿಸಲು ಟೆಂಪೋ ಹಿಡಿಯುತ್ತಾರೆ. ಗೋಮಾಳ ಇಲ್ಲದ ಮೇಲೆ ತಟ್ಟು ಮೇಯುವುದಾದರೂ ಎಲ್ಲಿ, ಭದ್ರಾ ನಾಲೆಯ ಗದ್ದೆ ಬದುವಿನಲ್ಲಿ ಬಿಟ್ಟರೆ ಜಗಳ, ಅಡಕೆ ತೋಟಕ್ಕೆ ಹೊಕ್ಕರೆ ದಂಡ. ಗಣತಿದಾರರು ಮನೆ ಬಾಗಿಲಿಗೆ ಬರುತ್ತಾರೆ, ಹೊಲದಲ್ಲಿ ಮಂದೆ ನಿಲ್ಲಿಸಿದವರ ಬಾಗಿಲು ಯಾವುದು? ಮುಂದಿನ ಸುಗ್ಗಿಗೆ ಕುರಿಮಂದೆ ನಿಮ್ಮ ಹೊಲದಲ್ಲಿ ಬೀಡುಬಿಟ್ಟರೆ ಗೊಬ್ಬರದ ಮಾತು ಮುಗಿದ ಮೇಲೆ ತಟ್ಟುಗಳ ಬಗ್ಗೆಯೂ ನಾಲ್ಕು ಮಾತು ಕೇಳಿ ಬರೆದು ಕಳಿಸಿ: ಎಷ್ಟು ಹೆಣ್ಣು, ಎಷ್ಟು ಮರಿ, ಎಲ್ಲಿ ಈದದ್ದು, ತಾಯಿಯ ತಾಯಿ ಯಾವ ಊರ ಸಂತೆಯದ್ದು. ಹರಿಹರ, ಹೊನ್ನಾಳಿ, ಚನ್ನಗಿರಿ ಮೂರೂ ತಾಲ್ಲೂಕಿನದ್ದು ನಮಗೆ ಬೇಕು.