ಶಿಲುಬೆಯ ಮೇಲಿನ ಸಂಸ್ಕೃತ

ತುಂಗಾ, ಭದ್ರಾ, ನೇತ್ರಾವತಿಗಳ ಉಗಮವೆಂದು ನಾವು ಕೈಮುಗಿಯುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ ತಿಂಗಳಲ್ಲಿ, ಒಂದು ಹೆಣ್ಣುಮಗು ಜನಿಸಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಊರಿನವರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದವರು. ತಾಯಿಯ ಬಾಯಿಂದಲೇ ಸಂಸ್ಕೃತ ಕಲಿತ ಆ ಮಗು ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾಯಿತು. ಪುಣೆಯವರಿಗೆ ರಮಾಬಾಯಿ ತಮ್ಮವರೇ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅವರು ಬಲ್ಲ ಭಾಷೆಗಳಲ್ಲಿ ಕನ್ನಡವೂ ಇತ್ತೆಂಬುದನ್ನೂ, ಅವರು ಹುಟ್ಟಿದ ಬೆಟ್ಟದಿಂದ ಇಳಿಯುವ ತುಂಗೆಯ ದಂಡೆಯಲ್ಲೇ ಶಂಕರರ ಶೃಂಗೇರಿ ಇದೆಯೆಂಬುದನ್ನೂ ಇಲ್ಲಿರುವ ಕನ್ನಡಿಗರಾದರೂ ನೆನಪಿಡಬೇಕು. ಈ ಎರಡನೆಯ ಮಾತಿಗೆ ಮುಂದೆ ಕೆಲಸವಿದೆ.

ಗಂಡನನ್ನು ಕಳೆದುಕೊಂಡ ರಮಾಬಾಯಿ 1882ರಲ್ಲಿ ಪುಣೆಗೆ ಬಂದರು. ಇಲ್ಲಿ ಅವರಿಗೆ ಪರಿಚಯವಾದವರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಸಂತ ಮೇರಿ ಸಂನ್ಯಾಸಿನಿಯರ ಸಂಘದವರೂ ಇದ್ದರು. ಇದು ಆಂಗ್ಲಿಕನ್ ಸಂಘ. ಪುಣೆಯ ಪಂಚಹೌದ್ ಮಿಷನ್ನಿನಲ್ಲಿ ಸೇವೆ ಮಾಡುತ್ತಿತ್ತು. (ಅದೇ ಮಿಷನ್ನಿನಲ್ಲಿ 1890ರಲ್ಲಿ ಲೋಕಮಾನ್ಯ ತಿಲಕರೂ ನ್ಯಾಯಮೂರ್ತಿ ರಾನಡೆಯವರೂ ಚಹಾ ಕುಡಿದರೆಂಬ ವಿಷಯ ಪ್ರಾಯಶ್ಚಿತ್ತದವರೆಗೂ ಹೋಗಿ ಊರನ್ನೇ ಅಲ್ಲಾಡಿಸಿತು.) 1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು, ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಮತಾಂತರದ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ರಮಾಬಾಯಿಯವರದು ಇಲ್ಲಿ ಆರಂಭವಾಗುತ್ತದೆ. ಅವರು ಮಾಂಸ ಮುಟ್ಟಲಿಲ್ಲ. ತ್ರಿತ್ವದ ಸಿದ್ಧಾಂತವನ್ನು ಚರ್ಚು ಹೇಳಿದ ಮಾತ್ರಕ್ಕೆ ಒಪ್ಪಲಿಲ್ಲ. ಬೈಬಲ್ಲನ್ನು ತಾವೇ ಓದಿ, ತಮ್ಮ ಮನಸ್ಸಾಕ್ಷಿಗೆ ತೋರಿದಷ್ಟನ್ನೇ ನಂಬುವೆನೆಂದರು. ಪಂಡಿತರ ಹಿಡಿತದಿಂದ ಕಷ್ಟಪಟ್ಟು ಬಿಡಿಸಿಕೊಂಡವರಿಗೆ ಪಾದ್ರಿಗಳ ಹಿಡಿತವೇಕೆ ಬೇಕು? ಅವರ ಮಾರ್ಗದರ್ಶಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಇಬ್ಬರ ನಡುವಿನ ಪತ್ರಗಳನ್ನು ಜೆರಾಲ್ಡಿನ್ ಅವರೇ ಜೋಪಾನವಾಗಿ ಕೂಡಿಟ್ಟರು. 1977ರಲ್ಲಿ ಅವು ಪುಸ್ತಕವಾಗಿ ಬಂದವು. ಅವುಗಳಲ್ಲೊಂದು ಸಣ್ಣ ಜಗಳ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರುವುದಕ್ಕೆ ರಮಾಬಾಯಿ ಆಕ್ಷೇಪಿಸಿದರು. ತಮಗೂ ತಮ್ಮ ನಾಡಿನ ಹೆಂಗಸರಿಗೂ ಬಾರದ ಭಾಷೆ ಅದು. ಬರೆಯಲೇಬೇಕೆಂದರೆ ಸಂಸ್ಕೃತವಿರಲಿ ಎಂಬುದು ಅವರ ವಾದ. ಲ್ಯಾಟಿನ್ನಿಗಿರುವ ಪಾವಿತ್ರ್ಯ ಸಂಸ್ಕೃತಕ್ಕೇಕಿಲ್ಲ ಎಂಬ ಪ್ರಶ್ನೆಗೆ ವಾಂಟೇಜಿನಲ್ಲಿ ಆಗ ಉತ್ತರವಿರಲಿಲ್ಲ.

ಉತ್ತರ ಸಿದ್ಧವಾಗಲು ಸುಮಾರು 90 ವರ್ಷ ಹಿಡಿಯಿತು. ಅದು ಸಿದ್ಧವಾದದ್ದೂ ಪುಣೆಯಲ್ಲೇ.

ನಡುವಿನ ಕಾಲದಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು ಮರಾಠಿ ಕವಿ ನಾರಾಯಣ ವಾಮನ ತಿಲಕರದು. 1895ರಲ್ಲಿ ಕ್ರೈಸ್ತರಾದ ಅವರು ತಾವು ತುಕಾರಾಮನೆಂಬ ಸೇತುವೆಯ ಮೂಲಕ ಕ್ರಿಸ್ತನ ಪಾದ ತಲುಪಿದವರೆಂದೇ ಹೇಳಿಕೊಳ್ಳುತ್ತಿದ್ದರು. ಅಭಂಗಗಳನ್ನು ಬರೆದರು, ಕೀರ್ತನೆ ಮಾಡಿದರು. 1917ರಲ್ಲಿ ಮಿಷನ್ನಿನ ಸಂಬಳ ಬಿಟ್ಟು ಸಂನ್ಯಾಸಿಯಂತೆ ಬದುಕಲು ಹೊರಟು, ದೀಕ್ಷಾಸ್ನಾನ ಪಡೆದವರಿಗೂ ಪಡೆಯದವರಿಗೂ ತೆರೆದಿದ್ದ 'ದೇವಾಚಾ ದರಬಾರ'ವನ್ನು ಕಟ್ಟಿದರು. ಎರಡು ವರ್ಷದಲ್ಲೇ ತೀರಿಕೊಂಡರು.

ಎರಡನೆಯದು ತಿಲಕರ ಪ್ರಭಾವದಿಂದಲೇ ಮೊಳೆಯಿತು. ಅಹಮದ್‌ನಗರದಲ್ಲಿದ್ದ ಜ್ಯಾಕ್ ವಿನ್‌ಸ್ಲೋ ಎಂಬ ಆಂಗ್ಲಿಕನ್ ಮಿಷನರಿ (ತಿಲಕರ ಜೀವನಚರಿತ್ರೆಯನ್ನೂ ಇವರು ಬರೆದಿದ್ದಾರೆ) 1922ರಲ್ಲಿ ಕ್ರಿಸ್ತ ಸೇವಾ ಸಂಘವನ್ನು ಸ್ಥಾಪಿಸಿದರು. ಇಂಗ್ಲಿಷರೂ ಭಾರತೀಯರೂ ಸಮಾನರಾಗಿ, ಖಾದಿಯುಟ್ಟು, ನೆಲದ ಮೇಲೆ ಕುಳಿತು ಸಸ್ಯಾಹಾರ ಉಂಡು, ಒಂದೇ ಸೂರಿನಡಿ ಬಾಳುವುದು ಅದರ ಉದ್ದೇಶ. ಆಳುವವರೂ ಆಳಿಸಿಕೊಳ್ಳುವವರೂ ಒಂದೇ ಪಂಕ್ತಿಯಲ್ಲಿ ಕೂರುವುದು ಆ ಕಾಲಕ್ಕೆ ಬರಿಯ ಊಟದ ವಿಷಯವಾಗಿರಲಿಲ್ಲ. ಸಂಘ ಪುಣೆಯ ಶಿವಾಜಿನಗರದಲ್ಲಿ ಆಶ್ರಮ ಕಟ್ಟಿಕೊಂಡಿತು. 1927ರಲ್ಲಿ ಆಕ್ಸ್‌ಫರ್ಡಿನಿಂದ ಬಂದು ಸೇರಿದ ತರುಣ ವೆರಿಯರ್ ಎಲ್ವಿನ್.

ಎಲ್ವಿನ್‌ರನ್ನು ನಾವು ಗೊಂಡರ, ಬೈಗರ ಅಧ್ಯಯನಕಾರರೆಂದು ಬಲ್ಲೆವು. ಪುಣೆಯ ಎಲ್ವಿನ್ ಬೇರೆಯೇ. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಅನಾಮಿಕ ಅನುಭಾವಿಯೊಬ್ಬನ 'ದಿ ಕ್ಲೌಡ್ ಆಫ್ ಅನ್‌ನೋಯಿಂಗ್' ಎಂಬ ಗ್ರಂಥವನ್ನು ಕುರಿತು 1930ರಲ್ಲಿ ಅವರು ಬರೆದ ಪುಸ್ತಕದ ಹೆಸರು 'ಕ್ರಿಶ್ಚಿಯನ್ ಧ್ಯಾನ'. ದೇವರು ಬುದ್ಧಿಗೆ ನಿಲುಕನು, ಪ್ರೇಮಕ್ಕೆ ಮಾತ್ರ ನಿಲುಕುವನು ಎನ್ನುವ ಆ ಗ್ರಂಥವನ್ನು ಭಾರತದ ಧ್ಯಾನಮಾರ್ಗದ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನ ಅದು. ನಮ್ಮ ಜಮಖಂಡಿಯ ಗುರುದೇವ ರಾನಡೆಯವರ ಮಹಾರಾಷ್ಟ್ರದ ಅನುಭಾವಿಗಳ ಕುರಿತ ದೊಡ್ಡ ಗ್ರಂಥ ಇದೇ ಪುಣೆಯಿಂದ 1933ರಲ್ಲಿ ಹೊರಬಂತು. ಅನುಭಾವವೆಂಬುದು ಆ ದಿನಗಳಲ್ಲಿ ಈ ಊರಿನ ಹವೆಯಲ್ಲೇ ಇತ್ತೇನೋ.

ಆದರೆ ಎಲ್ವಿನ್ ಧ್ಯಾನದಲ್ಲಿ ನಿಲ್ಲಲಿಲ್ಲ. ಗಾಂಧಿಯವರ ಸಂಪರ್ಕ ಅವರನ್ನು ರಾಜಕೀಯದೆಡೆಗೆ, ಬಳಿಕ ಬಡವರೆಡೆಗೆ ಎಳೆಯಿತು. 1932ರಲ್ಲಿ ಆಶ್ರಮದ ಸಂಗಾತಿ ಶಾಮರಾವ್ ಹಿವಾಳೆಯವರೊಡನೆ ಮಂಡ್ಲಾ ಜಿಲ್ಲೆಯ ಗೊಂಡರ ಹಳ್ಳಿಗೆ ಹೊರಟರು. ಅಲ್ಲಿ ಪೌರೋಹಿತ್ಯ ನಡೆಸಲು ನಾಗಪುರದ ಬಿಷಪರು ಅನುಮತಿ ನಿರಾಕರಿಸಿದರು. ಕೆಲವೇ ವರ್ಷಗಳಲ್ಲಿ ಎಲ್ವಿನ್ ಚರ್ಚನ್ನೇ ಬಿಟ್ಟರು. ಉಪನಿಷತ್ತಿನ ಕಡೆಗೆ ತೆರೆದ ಬಾಗಿಲನ್ನು ಚರ್ಚು ಹೇಗೋ ಸಹಿಸಿತು. ಗೊಂಡರ ಗುಡಿಸಿಲಿನ ಕಡೆಗೆ, ಮತಾಂತರದ ಉದ್ದೇಶವಿಲ್ಲದೆ ತೆರೆದ ಬಾಗಿಲನ್ನು ಸಹಿಸಲಿಲ್ಲ. ಈ ಇತಿಹಾಸದಲ್ಲಿ ನನ್ನನ್ನು ಕಾಡುವ ಅಂಶ ಇದೇ.

ಸಂಘ ಒಡೆಯಿತು, 1934ರಲ್ಲಿ ಆಶ್ರಮ ಕ್ರಿಸ್ತ ಪ್ರೇಮ ಸೇವಾ ಎಂಬ ಹೆಸರಿನಲ್ಲಿ ಮುಂದುವರಿದು, ಕ್ರಮೇಣ ಬರಿದಾಯಿತು. ಅದಕ್ಕೆ ಮತ್ತೆ ಜೀವ ಬಂದದ್ದು 1972ರಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳಲ್ಲಿ ಸತ್ಯವೂ ಪಾವಿತ್ರ್ಯವೂ ಇರುವುದನ್ನು 1965ರಲ್ಲಿ ಒಪ್ಪಿತ್ತು. ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಅವರು ಆರತಿ, ಅಂಜಲಿಗಳನ್ನು ಪೂಜಾವಿಧಿಯೊಳಗೆ ತರುವ ಕೆಲಸದಲ್ಲಿ ತೊಡಗಿದ್ದರು. ಶಿವಾಜಿನಗರದ ಆಶ್ರಮವನ್ನು ಮತ್ತೆ ತೆರೆದವರು ಇಬ್ಬಗೆಯ ಸಂನ್ಯಾಸಿನಿಯರು: ಸೇಕ್ರೆಡ್ ಹಾರ್ಟ್ ಸಂಘದ ಕ್ಯಾಥೊಲಿಕರು ಮತ್ತು ಆಂಗ್ಲಿಕನ್ ಪರಂಪರೆಯ ಸಂತ ಮೇರಿ ಸಂಘದವರು. ಹೌದು, ಅದೇ ವಾಂಟೇಜಿನ ಸಂಘ. ರಮಾಬಾಯಿಯವರ ಶಿಲುಬೆಗೆ ಸಂಸ್ಕೃತ ಕೂಡದೆಂದವರ ಉತ್ತರಾಧಿಕಾರಿಗಳು ಪುಣೆಯಲ್ಲಿ ನೆಲದ ಮೇಲೆ ಕುಳಿತು, ಬೈಬಲ್ಲಿನೊಡನೆ ಉಪನಿಷತ್ತುಗಳನ್ನೂ ಪ್ರಾರ್ಥನೆಯಲ್ಲಿ ಓದತೊಡಗಿದರು.

ಕ್ಯಾಥೊಲಿಕರಲ್ಲಿ ಇಬ್ಬರು ಪ್ರಮುಖರು. ಪಾರ್ಸಿ ಮನೆತನದಲ್ಲಿ ಹುಟ್ಟಿದ ವಂದನಾ ಮಾತಾಜಿ ಮುಂದೆ ಹಿಮಾಲಯದ ತಪ್ಪಲಿಗೆ ಹೋದರು. ಸಾರಾ ಗ್ರಾಂಟ್ ಪುಣೆಯಲ್ಲುಳಿದರು. ಮುಂಬಯಿಯ ಸೋಫಿಯಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ಈಕೆಯ ಸಂಶೋಧನೆ ಶಂಕರರಲ್ಲಿ 'ಸಂಬಂಧ'ವೆಂಬ ಕಲ್ಪನೆಯ ಕುರಿತದ್ದು. ಮಡಕೆ ಮಣ್ಣಿಲ್ಲದೆ ಇರಲಾರದು, ಮಣ್ಣು ಮಡಕೆಯಿಲ್ಲದೆಯೂ ಇದ್ದೀತು. ಜಗತ್ತಿಗೂ ಬ್ರಹ್ಮಕ್ಕೂ ಇರುವುದು ಇಂಥ ಒಮ್ಮುಖದ ಸಂಬಂಧ. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಾಸ್ ಸೃಷ್ಟಿ ಮತ್ತು ದೇವರ ನಡುವೆ ಹೇಳಿದ್ದೂ ಇದನ್ನೇ ಎಂದು ಆಕೆ ವಾದಿಸಿದರು. ಪುಣೆಯ ಡಿ ನೊಬಿಲಿ ಕಾಲೇಜಿನ ಜೆಸ್ವಿಟ್ ವಿದ್ವಾಂಸ ರಿಚರ್ಡ್ ಡಿ ಸ್ಮೆಟ್ ಆ ದಾರಿಯನ್ನು ಮೊದಲೇ ಹದಮಾಡಿದ್ದರು. ಜಗತ್ತನ್ನು ಶಂಕರರು ಸುಳ್ಳೆಂದರೆಂಬ ಹಳೆಯ ಆರೋಪಕ್ಕೆ ಇಷ್ಟು ತಾಳ್ಮೆಯ ಉತ್ತರ ನಮ್ಮ ಮಠಗಳ ಹೊರಗೆ ಬಂದದ್ದು ಕಡಿಮೆ. 1991ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆಕೆ ತನ್ನನ್ನು ಅದ್ವೈತಿ ಕ್ರೈಸ್ತಳೆಂದೇ ಕರೆದುಕೊಂಡರು. ಗಂಗಾಮೂಲದ ಕೂಸು ಇಂಗ್ಲೆಂಡಿಗೆ ಒಯ್ದ ಪ್ರಶ್ನೆ ಶೃಂಗೇರಿಯ ಉತ್ತರದೊಡನೆ ಪುಣೆಗೆ ಮರಳಿದಂತಾಯಿತು.

ಇಂಥ ಆಶ್ರಮಗಳಿಗೆ ವಿರೋಧವೂ ಬಂತು. ಇದು ಮತಾಂತರದ ವೇಷವೆಂದು ಕೆಲವು ಹಿಂದೂ ಲೇಖಕರು ಎಂಬತ್ತರ ದಶಕದಲ್ಲಿ ಬರೆದರು. ಜೀವಮಾನವಿಡೀ ಶಾಂಕರಭಾಷ್ಯದಲ್ಲಿ ಮುಳುಗಿದವರ ವಿಷಯದಲ್ಲಿ ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಹೆಚ್ಚು ತೂಕದ ಪ್ರಶ್ನೆ ಚರ್ಚಿನ ಒಳಗಿನಿಂದಲೇ ಎದ್ದಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರಾಗಿರುವಾಗ, ಭಾರತೀಯತೆಯೆಂದರೆ ವೇದಾಂತವೆಂದು ನಿರ್ಧರಿಸಿದವರು ಯಾರು? ತಮ್ಮ ಹಿರಿಯರ ಕಿವಿಗೆ ಬೀಳಬಾರದೆಂದಿದ್ದ ಮಂತ್ರಗಳನ್ನೇ ಚರ್ಚಿನಲ್ಲಿ ಕೇಳಿ ಅವರು ಪುಳಕಗೊಳ್ಳಬೇಕೆ?

ರಮಾಬಾಯಿ ಈ ಮಾತನ್ನು ಕೇಳಲು ಇರಲಿಲ್ಲ. ಆದರೆ ಅವರ ಕೊನೆಯ ವರ್ಷಗಳು ಇದೇ ದಿಕ್ಕಿಗೆ ನಡೆದಿದ್ದವು. ಪುಣೆಯ ಸಮೀಪದ ಕೇಡಗಾಂವಿನಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಬರದಿಂದ ಪಾರಾಗಿ ಬಂದವರೂ ಸೇರಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. 1905ರ ಜೂನ್ ತಿಂಗಳಲ್ಲಿ ಅಲ್ಲಿ ಪ್ರಾರ್ಥನೆಯ ಮಹಾಪೂರವೇ ಎದ್ದಿತು. ಹುಡುಗಿಯರು ಅತ್ತರು, ಗಟ್ಟಿಯಾಗಿ ಮೊರೆಯಿಟ್ಟರು, ಮೈಯೊಳಗೆ ಬೆಂಕಿ ಹೊಕ್ಕಿತೆಂದರು. ಅದೂ ಅನುಭಾವವೇ, ಭಾಷ್ಯವಿಲ್ಲದ ಅನುಭಾವ. ರಮಾಬಾಯಿ ಅದನ್ನು ತಡೆಯಲಿಲ್ಲ. ಅದೇ ಕಾಲದಲ್ಲಿ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲ್ಲನ್ನು ಮರಾಠಿಗೆ ತರಲು ಕುಳಿತರು. ಒಮ್ಮೆ ಶಿಲುಬೆಯ ಮೇಲೆ ಸಂಸ್ಕೃತ ಬೇಕೆಂದಿದ್ದ ಪಂಡಿತೆ ಈ ಅನುವಾದದಲ್ಲಿ ಸಂಸ್ಕೃತದ ಭಾರದ ಪದಗಳನ್ನು ಬೇಕೆಂದೇ ದೂರವಿಟ್ಟು, ಅಕ್ಷರವನ್ನಷ್ಟೇ ಕಲಿತ ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯನ್ನು ಆರಿಸಿಕೊಂಡರು. 1922ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಕೆಲಸ ಮುಗಿದಿತ್ತು. ಎರಡು ವರ್ಷಗಳ ತರುವಾಯ ಆ ಬೈಬಲ್ ಕೇಡಗಾಂವಿನ ಮುದ್ರಣಾಲಯದಿಂದಲೇ ಹೊರಬಂತು. ಅಲ್ಲಿ ಮೊಳೆ ಜೋಡಿಸುತ್ತಿದ್ದವರು ಸದನದ ಹೆಂಗಸರೇ.